ಕಾಣಿಸಿದರೆ ಮೊಂಡು

ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ್ದು ಮೂರೇ ಸಾಮಾನು. ಜರಿ ಕಿತ್ತುಹೋದ ಒಂದು ಪೇಟ, 1962ರ ಪಂಚಾಂಗ, ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿಟ್ಟ ಕ್ಷೌರದ ಕತ್ತಿ. ಪೇಟ ತಮ್ಮನಿಗೆ ಹೋಯಿತು. ಪಂಚಾಂಗ ಆಗಲೇ ಗೆದ್ದಲಿಗೆ ಹೋಗಿತ್ತು. ಕತ್ತಿ ನನಗೆ ಉಳಿಯಿತು. ‘ಕೊನೆಗೂ ಪಿತ್ರಾರ್ಜಿತ ಅಂತ ಒಂದು ಬಂತಲ್ಲ’ ಎಂದಳು ನನ್ನಾಕೆ.

ಕಪ್ಪು ಹಿಡಿ, ಅದರೊಳಕ್ಕೆ ಮಡಚಿಕೊಳ್ಳುವ ಅಲಗು. ಅಲಗಿನ ಬುಡದಲ್ಲಿ ಸೋಲಿಂಗೆನ್ ಎಂದು ಕೊರೆದಿದ್ದರು. ಜರ್ಮನಿಯ ಆ ಊರಿನವರು ಕತ್ತಿ ಚೂರಿಗೆ ಎಷ್ಟು ಹೆಸರಾದವರೆಂದರೆ, ಅಲ್ಲಿ ಮಾಡದ ಕತ್ತಿಯ ಮೇಲೆ ಆ ಊರಿನ ಹೆಸರು ಹಾಕಕೂಡದೆಂದು 1938ರಲ್ಲಿ ಒಂದು ಕಾನೂನೇ ಆಯಿತು. ಮೈಸೂರು ಮಲ್ಲಿಗೆಗೂ ನಂಜನಗೂಡಿನ ರಸಬಾಳೆಗೂ ನಾವು ಈಚೆಗೆ ಮಾಡಿಕೊಂಡ ಏರ್ಪಾಡನ್ನು ಅವರು ಕತ್ತಿಗೆ ಅಂದೇ ಮಾಡಿಕೊಂಡಿದ್ದರು. ಅಪ್ಪ ಅದರಲ್ಲಿ ಕ್ಷೌರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ನನಗೆ ನೆನಪಿರುವ ಅಪ್ಪ ಆಗಲೇ ಸೇಫ್ಟಿ ರೇಜರಿನವರು. ಕಿಂಗ್ ಜಿಲೆಟ್ ಎಂಬ ಅಮೆರಿಕದವನು 1903ರಲ್ಲಿ ಮಾರಾಟ ಶುರುಮಾಡಿದಾಗ ಆ ವರ್ಷ ಖರ್ಚಾದದ್ದು 51 ರೇಜರು, 168 ಬ್ಲೇಡು. ಮಸೆಯುವ ಗೋಜಿಲ್ಲ, ಚರ್ಮದ ಪಟ್ಟಿಗೆ ಎಳೆಯುವ ಗೋಜಿಲ್ಲ ಎನ್ನುವುದೇ ಅವನ ಜಾಹೀರಾತಿನ ಹೆಗ್ಗಳಿಕೆ. ಯಾವ ಗೋಜಿನಿಂದ ಅವನು ಜಗತ್ತನ್ನು ಪಾರುಮಾಡಿದನೋ ಅದನ್ನೇ ನಾನು ನಿವೃತ್ತಿಯಾದ ಮೇಲೆ ತಲೆಗೆ ಹಚ್ಚಿಕೊಂಡೆ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಕತ್ತಿ ಮಸೆಯುವುದೆಂದರೆ ಒಂದು ಕೋನದ ಲೆಕ್ಕ ಎಂಬ ಧೈರ್ಯವಿತ್ತು. ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಒಂದು ಮೈ ಒರಟು ಒಂದು ಮೈ ನಯ ಇರುವ ಕಾರ್ಬೊರಂಡಮ್ ಕಲ್ಲು ತಂದೆ. ಚಿಕ್ಕಂದಿನಲ್ಲಿ ತೋಟದ ಮಚ್ಚು ಮಸೆದ ಅನುಭವ ಬೇರೆ. ಅದೇ ಹುಮ್ಮಸ್ಸಿನಲ್ಲಿ, ಬೆನ್ನು ಮೇಲೆತ್ತಿ, ಬಾಯಿಯನ್ನು ಕಲ್ಲಿಗೆ ಒತ್ತಿ, ಅರ್ಧ ಗಂಟೆ ಉಜ್ಜಿದೆ. ಬೆವರು ಬಂತು. ಕತ್ತಿ ಫಳಫಳ ಹೊಳೆಯಿತು. ಮರುದಿನ ಬೆಳಿಗ್ಗೆ ನೊರೆ ಹಚ್ಚಿಕೊಂಡು ಎಡಗೆನ್ನೆಗೆ ಇಟ್ಟೆ.

ಅದು ಕೂದಲನ್ನು ಕತ್ತರಿಸಲಿಲ್ಲ, ಕಿತ್ತಿತು. ಕೀಳಲಾಗದ ಕಡೆ ಚರ್ಮವನ್ನು ತೆಗೆದುಕೊಂಡಿತು. ಮುಖದ ತುಂಬ ಪಟಿಕ ಉಜ್ಜಿಕೊಂಡು ತಿಂಡಿಗೆ ಕೂತಾಗ ನನ್ನಾಕೆ ದೋಸೆ ಹಾಕುತ್ತಾ, ‘ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನೀವು ವಾಸಿ, ನಿಮ್ಮದನ್ನೇ ಕೆತ್ತಿಕೊಂಡಿರಿ’ ಎಂದಳು. ಕೆತ್ತಿಕೊಂಡದ್ದು ಗಲ್ಲವನ್ನು ಎಂದು ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ತಲೆ ಕೊಡುವ ಸೆಲೂನು ಅಗ್ರಹಾರದ ಕಡೆ ಒಂದು ಗಲ್ಲಿಯಲ್ಲಿದೆ. ಈಗ ಮಗ ನಡೆಸುತ್ತಾನೆ. ಅವನ ಅಪ್ಪ ಬಾಗಿಲ ಪಕ್ಕದ ಬೆಂಚಿನಲ್ಲಿ ಪೇಪರು ಹಿಡಿದು ಕೂತಿರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಎಲ್ಲರೂ ಯಜಮಾನ್ರು ಅನ್ನುತ್ತಾರೆ, ನಾನೂ ಹಾಗೇ. ಬಟ್ಟೆ ಬಿಚ್ಚಿ ಕತ್ತಿಯನ್ನು ಅವರ ಕೈಗಿಟ್ಟೆ. ಒಂದು ಸಲ ತಿರುಗಿಸಿ ನೋಡಿ, ‘ಇದಕ್ಕೆ ಯಾರು ಮೇಷ್ಟ್ರೇ ಹೊಡೆದೋರು?’ ಎಂದರು.

ಒಪ್ಪಿಕೊಂಡೆ.

ಯಜಮಾನ್ರು ಬಾಗಿಲಿಗೆ ಮುಖಮಾಡಿ, ಅಲಗಿನ ಬಾಯಿ ತಮ್ಮ ಕಣ್ಣಿಗೆ ನೇರ ಬರುವ ಹಾಗೆ ಕತ್ತಿಯನ್ನು ಎತ್ತಿ ಹಿಡಿದರು. ‘ಇಲ್ಲಿ ಬಂದು ನೋಡಿ. ಬೆಳ್ಳಗೆ ದಾರ ಇಟ್ಟಂಗೆ ಕಾಣ್ತದಲ್ಲಾ?’

ಕಾಣುತ್ತಿತ್ತು. ಬುಡದಿಂದ ತುದಿಯವರೆಗೆ ಒಂದು ಬಿಳಿ ಗೆರೆ. ಅದೇ ಹರಿತ ಎಂದುಕೊಂಡು ಹಿಂದಿನ ರಾತ್ರಿ ನಾನು ಹಿಗ್ಗಿದ್ದೆ.

‘ಕಾಣ್ತದೆ ಅಂದ್ರೆ ಮೊಂಡು. ಬಾಯಿ ಕಣ್ಣಿಗೆ ಕಾಣಬಾರ್ದು.’

ನನಗೆ ತಲೆಯಲ್ಲಿ ಗಂಟೆ ಹೊಡೆದ ಹಾಗಾಯಿತು. ರೇಖೆಗೆ ಉದ್ದ ಉಂಟು, ಅಗಲವಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ಜೂನಿನಲ್ಲಿ ಇದನ್ನು ಹೇಳಿ, ಹೇಳಿದ ಬಾಯಿ ಮುಚ್ಚುವ ಮೊದಲೇ ಬೋರ್ಡಿನ ಮೇಲೆ ಕಾಲಂಗುಲ ಅಗಲದ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಯಾವನೋ ಒಬ್ಬ ಹುಡುಗ ‘ಸಾರ್, ಇದಕ್ಕೆ ಅಗಲ ಇದೆಯಲ್ಲಾ’ ಅಂದರೆ ಕೂರಿಸುತ್ತಿದ್ದೆ. ಯೂಕ್ಲಿಡ್ ಹೇಳಿದ ಆ ರೇಖೆಯನ್ನು ಉಕ್ಕಿನಲ್ಲಿ ಮಾಡಬೇಕೆಂದು ಜೀವನಪೂರ್ತಿ ಹೆಣಗಿದವರು ಇಲ್ಲಿ ಬೆಂಚಿನ ಮೇಲೆ ಕೂತಿದ್ದಾರೆ! ಅಲಗಿನ ಎರಡು ಕೆನ್ನೆಗಳು ಕೂಡುವ ಜಾಗದಲ್ಲಿ ಅಗಲ ಉಳಿದಿದ್ದರೆ ಅಲ್ಲಿಗೆ ಬೆಳಕು ಬಿದ್ದು ಹೊಳೆಯುತ್ತದೆ. ಉಳಿಯದಿದ್ದರೆ ಬೆಳಕಿಗೆ ನಿಲ್ಲಲು ಜಾಗವಿಲ್ಲ. ಅಷ್ಟೇ ಸಂಗತಿ.

‘ಮಂಗಳವಾರ ಬನ್ನಿ’ ಎಂದರು. ಮಂಗಳವಾರ ಸೆಲೂನಿಗೆ ರಜೆ.

ಮೊದಲ ಪಾಠ ಕಲ್ಲಿನದಲ್ಲ, ಕೈಯದು. ಕತ್ತಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಬಿಡಿಸಿ, ಹೆಬ್ಬೆರಳು ಮತ್ತು ಎರಡು ಬೆರಳಿಗೆ ಇಳಿಸಿದರು. ಬೆನ್ನನ್ನು ಎತ್ತುವ ಹಾಗೇ ಇಲ್ಲ. ಬೆನ್ನೂ ಬಾಯೂ ಎರಡೂ ಕಲ್ಲಿನ ಮೇಲೆ ಮಲಗಿರಬೇಕು. ಮಚ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಮಚ್ಚಿನ ಕೋನ ಮಸೆಯುವವನ ಮಣಿಕಟ್ಟಿನಲ್ಲಿದೆ, ಕ್ಷೌರದ ಕತ್ತಿಯ ಕೋನ ಅದರ ಬೆನ್ನಿನ ದಪ್ಪದಲ್ಲೇ ಇದೆ. ಮನೆಗೆ ಬಂದು ವರ್ನಿಯರ್ ಹಿಡಿದು ಅಳೆದೆ. ಅಲಗಿನ ಅಗಲ 16 ಮಿಲಿಮೀಟರು, ಬೆನ್ನಿನ ದಪ್ಪ 4.6. ಲೆಕ್ಕ ಹಾಕಿದರೆ ಸುಮಾರು ಹದಿನಾರೂವರೆ ಡಿಗ್ರಿ. ಮಾಡಿದವನು ಆ ಕೋನವನ್ನು ಒಳಗೇ ಇಟ್ಟು ಕಳಿಸಿದ್ದಾನೆ. ಮಸೆಯುವವನು ಬುದ್ಧಿ ಉಪಯೋಗಿಸದಿದ್ದರೆ ಸಾಕು. ಗಣಿತದ ಮೇಷ್ಟರಿಗೆ ಇದಕ್ಕಿಂತ ಕಷ್ಟದ ಶರತ್ತು ಇಲ್ಲ.

‘ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ಹೊರಳಿಸೋವಾಗ ಎರಡ್ರಲ್ಲೂ ಬೆನ್ನ ಮೇಲೇ ಹೊರಳಬೇಕು, ಬಾಯಿ ಮೇಲೆ ಹೊರಳಿದ್ರೆ ಮಾಡಿದ್ದೆಲ್ಲಾ ಹೋಯ್ತು.’ ಇದಿಷ್ಟೇ ಅವರ ಶಾಸ್ತ್ರ. ಐದು ನಿಮಿಷದಲ್ಲಿ ಹೇಳಿ ಮುಗಿಯಿತು. ಮಿಕ್ಕ ಮಂಗಳವಾರಗಳೆಲ್ಲ ನನ್ನ ಕೈಯಿಂದ ಭಾರ ಇಳಿಸುವುದಕ್ಕೇ ಹೋದವು. ನಾಲ್ಕು ಎಳೆತ ಎಳೆಯುವಷ್ಟರಲ್ಲಿ ಭುಜದಿಂದ ಶಕ್ತಿ ಇಳಿದುಬಂದು ಬೆರಳಿನಲ್ಲಿ ಕೂರುತ್ತಿತ್ತು. ಕಲ್ಲಿನ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು, ಪೇಪರಿನಿಂದ ತಲೆ ಎತ್ತದೆಯೇ ‘ಒತ್ತಬೇಡಿ’ ಅನ್ನುತ್ತಿದ್ದರು. ಒಂದು ದಿನ ರೋಸಿ, ‘ಮೇಷ್ಟ್ರೇ, ಮುಂದಿನ ವಾರ ಬರುವಾಗ ಬಲವನ್ನ ಮನೇಲಿಟ್ಟು ಬನ್ನಿ’ ಎಂದರು. ಒತ್ತಿದರೆ ತೆಳ್ಳಗಿನ ಬಾಯಿ ಕಲ್ಲಿನ ಮೇಲೆ ಬಾಗುತ್ತದೆ. ಬಾಗಿದ್ದನ್ನು ಎಷ್ಟು ಮಸೆದರೂ ಮಸೆದದ್ದು ಇನ್ನೆಲ್ಲೋ.

ಅವರ ಕಲ್ಲು ಮೂರು ಬೆರಳಗಲದ ಕರಿಯ ತುಂಡು. ಯಾವ ಕಲ್ಲು ಎಂದು ಕೇಳಿದರೆ ‘ನಮ್ಮಪ್ಪನ ಕಲ್ಲು’ ಎನ್ನುವುದೇ ಉತ್ತರ. ಎರಡು ತಲೆಮಾರಿನ ಕತ್ತಿಗಳು ಓಡಾಡಿ ನಡುಭಾಗ ಸವೆದು ತಗ್ಗಾಗಿತ್ತು. ಎಣ್ಣೆಯಿಲ್ಲ, ಕ್ಷೌರದ ಸೋಪಿನ ನೊರೆಯನ್ನೇ ಬ್ರಶ್ಶಿನಿಂದ ಕಲ್ಲಿಗೆ ಬಳಿದು ಅದರ ಮೇಲೆ ಎಳೆಯುತ್ತಿದ್ದರು. ಆ ತಗ್ಗಿನಲ್ಲೂ ಅವರ ಕೈ ಅದೆಂಥದೋ ಒಂದು ಬಳುಕಿನಲ್ಲಿ ಹೋಗಿ ಬರುತ್ತಿತ್ತು. ಅದು ನನಗೆ ಬರುವುದಿಲ್ಲವೆಂದು ಅವರೇ ಹೇಳಿದರು. ಸಮತಟ್ಟಾದ ಕಲ್ಲು ಕೊಂಡುಕೊಳ್ಳಿ ಎಂದರು.

ಹಾಗಾಗಿ ಮನೆಗೆ ಜಪಾನಿನ ನೀರುಗಲ್ಲುಗಳು ಬಂದವು: ಸಾವಿರದ ನಂಬರು, ನಾಲ್ಕು ಸಾವಿರ, ಎಂಟು ಸಾವಿರ. ನಂಬರು ಏರಿದಷ್ಟೂ ಕಣ ಸಣ್ಣ. ಸಾವಿರದ ಕಲ್ಲನ್ನು ಉಪಯೋಗಿಸುವ ಮುಂಚೆ ಕಾಲು ಗಂಟೆ ನೀರಿನಲ್ಲಿ ನೆನೆಹಾಕಬೇಕು. ‘ಎಲ್ಲರ ಮನೇಲಿ ಅವಲಕ್ಕಿ ನೆನೆಸ್ತಾರೆ’ ಎಂಬ ಮಾತು ಅಡುಗೆಮನೆಯಿಂದ ಬಂತು. ಕೆಲಸದ ಮುಕ್ಕಾಲು ಪಾಲು ಈ ಸಾವಿರದ ಕಲ್ಲಿನ ಮೇಲೆಯೇ. ಎರಡು ಕೆನ್ನೆಗಳು ಬುಡದಿಂದ ತುದಿಯವರೆಗೆ ಒಂದೂ ಕಡೆ ಬಿಡದೆ ಕೂಡುವವರೆಗೆ ಮುಂದಿನ ಕಲ್ಲಿಗೆ ಹೋಗಕೂಡದು. ಕೂಡದೆ ಹೋದ ಅಲಗನ್ನು ಎಂಟು ಸಾವಿರಕ್ಕೆ ಹಾಕುವುದೆಂದರೆ ಗೋಡೆ ಏಳುವ ಮೊದಲೇ ಸುಣ್ಣ ಹೊಡೆದ ಹಾಗೆ. ನಾನು ಎಷ್ಟು ಸಲ ಹೊಡೆದೆನೋ ಲೆಕ್ಕವಿಲ್ಲ. ಕೊನೆಗೆ ಮಾರ್ಕರ್ ಪೆನ್ನಿನಿಂದ ಬಾಯಿಯ ಉದ್ದಕ್ಕೂ ಶಾಯಿ ಬಳಿದು ಎರಡು ಎಳೆತ ಎಳೆದು ನೋಡುವುದನ್ನು ಕಲಿತೆ. ಶಾಯಿ ಉಳಿದ ಕಡೆ ಕಲ್ಲು ತಾಕಿಲ್ಲ. ನನ್ನದರಲ್ಲಿ ಬುಡದ ಕಡೆ ಅರ್ಧ ಅಂಗುಲ ಶಾಯಿ ಹಾಗೇ ಇತ್ತು. ಅಲಗು ಮೂರಂಗುಲ, ಕಲ್ಲು ಅದಕ್ಕಿಂತ ಕಿರಿದು. ಓರೆಯಾಗಿ, ಬುಡದಿಂದ ತುದಿಗೆ ಜಾರಿಸುತ್ತಾ ಎಳೆಯಬೇಕಿತ್ತು. ಯಜಮಾನ್ರಿಗೆ ಈ ಉಪಾಯ ತೋರಿಸಿದೆ. ನಕ್ಕರು. ಪೆನ್ನನ್ನು ಮಾತ್ರ ತಾವೇ ಇಟ್ಟುಕೊಂಡರು.

ಕಲ್ಲೂ ಸವೆಯುತ್ತದೆಂಬುದು ಇನ್ನೊಂದು ಕಷ್ಟ. ಅದನ್ನು ಸಮ ಮಾಡಲು ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹರಡಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಬರೆದು, ಗೆರೆಗಳೆಲ್ಲ ಅಳಿಯುವವರೆಗೆ ಉಜ್ಜುವುದು. ಕತ್ತಿ ಹರಿತವಾಗಲು ಕಲ್ಲು ಮಸೆ, ಕಲ್ಲು ನೆಟ್ಟಗಾಗಲು ಕಾಗದ ಸವೆಸು. ಸರ್ಕಾರಿ ಕಚೇರಿಯ ಕಡತದ ಹಾಗೆ ಒಂದರ ಬೆನ್ನಿಗೆ ಒಂದು.

ಆ ವರ್ಷ ದಸರೆಗೆ ಬೆಲ್ಜಿಯಂನಿಂದ ಮಗಳು ಬಂದಳು. ಎಲ್ಲರ ಅಪ್ಪಂದಿರಿಗೆ ಅಲ್ಲಿಂದ ಚಾಕೊಲೇಟು ಬರುತ್ತದೆ. ನನಗೆ ಕಲ್ಲು ಬಂತು. ಆ ದೇಶದ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ, ಕೊಟಿಕ್ಯೂಲ್ ಎನ್ನುವ ಹಳದಿ ಕಲ್ಲು. ಬೆಣ್ಣೆಯ ಬಣ್ಣ. ಅಡಿಯಲ್ಲಿ ನೀಲಿ ಬಂಡೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಹಳದಿ ಪದರ ಬಲು ತೆಳು, ನೆಲದೊಳಗೆ ನೀಲಿಯ ನಡುನಡುವೆ ಗೆರೆಗೆರೆಯಾಗಿ ಓಡುತ್ತದೆ. ಹುಟ್ಟಿ ಸುಮಾರು 48 ಕೋಟಿ ವರ್ಷವಾಗಿದೆಯಂತೆ. ಯುರೋಪಿನ ಕ್ಷೌರಿಕರು ತಲೆಮಾರುಗಟ್ಟಲೆ ನೆಚ್ಚಿಕೊಂಡಿದ್ದ ಕಲ್ಲು ಇದು. ಮಸೆಯುವುದು ಕಲ್ಲಲ್ಲ, ಅದರೊಳಗೆ ಹುದುಗಿರುವ ಗಾರ್ನೆಟ್ ಹರಳುಗಳು. ನವರತ್ನದ ಗೋಮೇದಕದ ದಾಯಾದಿಗಳು. ಕಣ್ಣಿಗೆ ಕಾಣದಷ್ಟು ಸಣ್ಣ, ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ಆಕಾರ ಹನ್ನೆರಡು ಮುಖದ ಘನ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹನ್ನೆರಡು ಮುಖದ ಘನವನ್ನು ರಟ್ಟಿನಲ್ಲಿ ಮಾಡಿಸಲು ಹುಡುಗರಿಗೆ ಎಷ್ಟು ಬೈದಿದ್ದೇನೆ! ಬೆಲ್ಜಿಯಂನ ಮಣ್ಣು ಯಾರ ಬೈಗುಳವೂ ಇಲ್ಲದೆ ಕೋಟಿ ಕೋಟಿ ಮಾಡಿಟ್ಟಿದೆ.

ಈ ಕಲ್ಲಿನ ರೀತಿಯೇ ಬೇರೆ. ಅದರದೇ ಒಂದು ಸಣ್ಣ ತುಂಡಿನಿಂದ ನೀರು ಹಾಕಿ ತೇದರೆ ಗಂಧದ ಹಾಗೆ ಹಾಲುಬಣ್ಣದ ಸರಿ ಬರುತ್ತದೆ. ಮೊದಲು ಗಟ್ಟಿ, ಮೊಸರಿನ ಹಾಗೆ. ಆಗ ಅದು ಬೇಗ ಉಕ್ಕನ್ನು ತಿನ್ನುತ್ತದೆ, ಆದರೆ ಓಡಾಡುವ ಹರಳುಗಳು ಬಾಯಿಗೂ ಬಡಿದು ಅದನ್ನು ಪೂರ್ತಿ ತೆಳ್ಳಗಾಗಲು ಬಿಡುವುದಿಲ್ಲ. ಆದ್ದರಿಂದ ಇಪ್ಪತ್ತು ಎಳೆತಕ್ಕೊಮ್ಮೆ ಬೆರಳ ತುದಿಯಿಂದ ಎರಡು ಹನಿ ನೀರು. ಮೊಸರು ಮಜ್ಜಿಗೆಯಾಗಬೇಕು, ಮಜ್ಜಿಗೆ ನೀರುಮಜ್ಜಿಗೆಯಾಗಬೇಕು, ಕೊನೆಗೆ ಬರೀ ನೀರು. ಅವಸರಪಟ್ಟು ನಾಲ್ಕು ಹನಿ ಹಾಕಿದರೆ ಹಿಂದಿನ ಹಂತಕ್ಕೆ ಮರಳಬೇಕು. ಕೊನೆಯ ಹಂತದಲ್ಲಿ ಒಂದು ವಿಚಿತ್ರ ಆಗುತ್ತದೆ. ಸದ್ದು ಅಡಗುತ್ತದೆ, ಕತ್ತಿ ಮುಂದೆ ಹೋಗಲು ಒಲ್ಲೆ ಎನ್ನುತ್ತದೆ, ಮಗು ತಾಯಿಯ ಸೆರಗು ಹಿಡಿದ ಹಾಗೆ ಕಲ್ಲು ಅಲಗನ್ನು ಹಿಡಿದುಕೊಳ್ಳುತ್ತದೆ. ಮೊದಲ ಸಲ ಹಾಗಾದಾಗ ಏನೋ ಕೆಟ್ಟಿತೆಂದು ನಿಲ್ಲಿಸಿಬಿಟ್ಟಿದ್ದೆ.

ಯಜಮಾನ್ರು ಆ ಕಲ್ಲನ್ನು ಬಹಳ ಹೊತ್ತು ಹೆಬ್ಬೆರಳಿನಿಂದ ಸವರಿದರು. ‘ಎಷ್ಟಾಯ್ತು?’ ಎಂದರು. ಹೇಳಿದೆ. ಮಗನನ್ನು ಕರೆದು, ‘ಮೇಷ್ಟ್ರಿಗೆ ಒಂದು ಕಾಫಿ ತಾ, ಪಾಪ’ ಎಂದರು.

ಅವರಿಗೆ ಈ ವಿದ್ಯೆಯ ಮೇಲೆ ನನಗಿರುವ ಮೋಹ ಒಂದಿಷ್ಟೂ ಇಲ್ಲ. ತೊಂಬತ್ತರ ದಶಕದಲ್ಲಿ ಏಡ್ಸ್‌ನ ಭಯ ಬಂದು, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಕೂಡದು ಎಂದಾದ ಮೇಲೆ ಸೆಲೂನುಗಳಿಗೆಲ್ಲ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು. ಅವರು ತಮ್ಮ ಕತ್ತಿಗಳನ್ನು ಹಡಪದಲ್ಲಿಟ್ಟು ಅಟ್ಟಕ್ಕೆ ಹಾಕಿದರು. ಹಡಪವೆಂದರೆ ಎಲೆಯಡಿಕೆಯ ಚೀಲವೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. ‘ಬೇಜಾರಾಗಲಿಲ್ಲವಾ?’ ಎಂದು ನಾನು ದನಿಯಲ್ಲಿ ಒಂದಿಷ್ಟು ಆರ್ದ್ರತೆ ತಂದುಕೊಂಡು ಕೇಳಿದೆ. ‘ಯಾಕ್ ಬೇಜಾರು? ಒಳ್ಳೇದೇ ಆಯ್ತು. ಏಳು ವರ್ಷದ ಹುಡುಗ ನಾನು, ನಮ್ಮಪ್ಪ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಕಲ್ಲಿನ ಮುಂದೆ ಕೂರಿಸೋನು. ಮಾಗಿ ಚಳಿ, ತಣ್ಣೀರು. ಬೆರಳು ಕುಯ್ದ್ರೂ ನೋವೇ ಗೊತ್ತಾಗ್ತಿರ್ಲಿಲ್ಲ. ನಿಮಗೆ ಪಿಂಚಣಿ ಬರ್ತದೆ, ಮಸೀತೀರಿ.’ ಇದಕ್ಕೆ ನಾನು ಕೊಡಬಹುದಾದ ಉತ್ತರ ಏನೂ ಇರಲಿಲ್ಲ. ಕಾಫಿ ಕುಡಿದೆ.

ಕಠೋಪನಿಷತ್ತಿನಲ್ಲಿ ಅರಿವಿನ ದಾರಿಯನ್ನು ಕ್ಷೌರದ ಕತ್ತಿಯ ಅಲಗಿಗೆ ಹೋಲಿಸಿದ್ದಾರಷ್ಟೆ. ಎದೆಯುದ್ದ ಗಡ್ಡ ಬಿಟ್ಟ ಋಷಿಗಳಿಗೆ ಆ ಅಲಗಿನ ವಿಚಾರ ಅಷ್ಟು ಚೆನ್ನಾಗಿ ಹೇಗೆ ತಿಳಿದಿತ್ತು ಎಂಬುದು ನನ್ನ ಹಳೆಯ ಅನುಮಾನ. ಯಾರದೋ ಮಗನನ್ನು ನಾಲ್ಕು ಗಂಟೆಗೆ ಎಬ್ಬಿಸಿ ಕೂರಿಸಿದ್ದಿರಬೇಕು.

ಸೋಲಿಂಗೆನ್ ಉಕ್ಕಿನ ಬಗ್ಗೆ ನಾನು ಸ್ವಲ್ಪ ಜಂಬ ಕೊಚ್ಚುತ್ತಿದ್ದೆ. ಅದು ಇಳಿದದ್ದು ಉಕ್ಕು ಎಂಬ ಮಾತಿನಿಂದಲೇ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಹಿಂದೂಸ್ಥಾನದಿಂದ ಬಂದ ಒಂದು ಉಕ್ಕಿನ ಮೇಲೆ ಪ್ರಬಂಧ ಓದಿದ. ಅದನ್ನು ಅವರು ‘ವೂಟ್ಜ್’ ಎಂದು ಕರೆದರು. ನಮ್ಮ ‘ಉಕ್ಕು’ ಇಂಗ್ಲಿಷರ ಬಾಯಲ್ಲಿ ಹೀಗಾಯಿತೆಂದು ಬಹುಮಂದಿ ವಿದ್ವಾಂಸರ ಮತ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಆ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ: ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಮೂಸೆ, ಅದರಲ್ಲಿ ಕಬ್ಬಿಣದ ತುಂಡು, ಜತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಗೆ ಹಾಕುವುದು. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕು ಯುರೋಪಿನದಕ್ಕಿಂತ ಮೇಲೆಂದು ತನ್ನ ಅಂಗಡಿಯ ಕಾರ್ಡಿನಲ್ಲೇ ಹಾಕಿಕೊಂಡಿದ್ದ. ಅವನ ಜತೆ ಸೇರಿ ಅದರ ಗುಟ್ಟು ಹುಡುಕಲು ಹೊರಟವನು ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಫ್ಯಾರಡೆಯೇ. 1820ರ ಹೊತ್ತಿಗೆ ಇಬ್ಬರೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದರು. ಗುಟ್ಟು ಸಿಗಲಿಲ್ಲ. ಆದರೆ ಹಾಗೆ ಬೆರೆಸಿದ ಉಕ್ಕಿನಲ್ಲಿ ಕ್ಷೌರದ ಕತ್ತಿ ಮಾಡಿಸಿ ಫ್ಯಾರಡೆ ಸ್ನೇಹಿತರಿಗೆ ಹಂಚಿದ. ತಂಗಡಿ ಗಿಡ ನಮ್ಮ ಲೇಔಟಿನ ಖಾಲಿ ಸೈಟುಗಳಲ್ಲಿ ಈಗಲೂ ಹಳದಿ ಹೂ ಬಿಟ್ಟುಕೊಂಡಿದೆ. ದಿನಾ ವಾಕಿಂಗಿಗೆ ಅದರ ಪಕ್ಕವೇ ಹೋಗುತ್ತೇನೆ.

ಹರಿತ ಪರೀಕ್ಷಿಸಲು ಒಂದು ಕೂದಲೆಳೆಯನ್ನು ಎರಡು ಬೆರಳಲ್ಲಿ ಇಳಿಬಿಟ್ಟು ಅಲಗಿಗೆ ತಾಕಿಸಬೇಕು. ಎಳೆಯದೆ, ಒತ್ತದೆ, ತಾಕಿದ್ದಷ್ಟಕ್ಕೇ ಅದು ತುಂಡಾಗಿ ಬೀಳಬೇಕು. ನನ್ನ ತಲೆಯಲ್ಲಿ ಅಂಥ ಉದ್ದದ ಬಂಡವಾಳ ಇಲ್ಲ. ನನ್ನಾಕೆಯ ಬಾಚಣಿಗೆಗೆ ಕನ್ನ ಹಾಕಿದೆ. ‘ಉದುರಿದ್ದಕ್ಕೂ ಒಂದು ಬೆಲೆ ಬಂತು’ ಎಂದು ಅವಳೇ ಒಂದು ಡಬ್ಬಿಯಲ್ಲಿ ಕೂಡಿಡತೊಡಗಿದಳು. ತಿಂಗಳುಗಟ್ಟಲೆ ಆ ಕೂದಲು ಅಲಗಿನ ಮೇಲೆ ತಣ್ಣಗೆ ಬಾಗಿ ಜಾರಿಹೋಯಿತು. ಕೂದಲು ಕ್ಷೌರದ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಉಕ್ಕಿನ ಬಾಯಿ ಕೂದಲಿಗೆ ಸೋತು ಚಕ್ಕೆ ಏಳುತ್ತದೆ, ಕೂದಲು ಓರೆಯಾಗಿ ಬಾಗಿ ಸಿಕ್ಕಿದಾಗ ಹಾಗಾಗುತ್ತದೆ ಎಂದು ಅಮೆರಿಕದ ಎಂಐಟಿಯವರು 2020ರಲ್ಲಿ ಮೈಕ್ರೋಸ್ಕೋಪಿನಡಿ ತೋರಿಸಿದರು. ಪೇಪರಿನಲ್ಲಿ ಓದಿ ಯಜಮಾನ್ರಿಗೆ ಹೇಳಿದೆ. ‘ಅದಕ್ಕೇ ಅಲ್ವಾ ದಿನಾ ಚರ್ಮಕ್ಕೆ ಎಳಿತಿದ್ದಿದ್ದು’ ಎಂದು ಪುಟ ತಿರುಗಿಸಿದರು.

ಚರ್ಮದ ಪಟ್ಟಿಯ ಕತೆ ದೊಡ್ಡದೇನಲ್ಲ. ಒಂದು ಸಲ ಬಾಯಿಯ ಮೇಲೆ ಹೊರಳಿಸಿ ಹೊಸ ಪಟ್ಟಿಯನ್ನು ಅರ್ಧಕ್ಕೆ ಸೀಳಿದೆ. ಆಮೇಲೆ ಹೊರಳಿಸಲಿಲ್ಲ.

ಕೂದಲು ತುಂಡಾದದ್ದು ಈಚಿನ ಒಂದು ಶುಕ್ರವಾರ ರಾತ್ರಿ. ಬೆಲ್ಜಿಯಂ ಕಲ್ಲಿನ ಮೇಲೆ ಬರೀ ನೀರು, ನಲವತ್ತೋ ಐವತ್ತೋ ಎಳೆತ, ಎಣಿಸುವುದನ್ನು ಮರೆತಿದ್ದೆ. ಆಮೇಲೆ ಪಟ್ಟಿಗೆ ಅರವತ್ತು. ಡಬ್ಬಿಯಿಂದ ಒಂದೆಳೆ ತೆಗೆದು ಇಳಿಬಿಟ್ಟೆ. ತಾಕಿತೋ ಇಲ್ಲವೋ ಎನ್ನುವಷ್ಟರಲ್ಲಿ ಅರ್ಧ ಕೂದಲು ಇರಲಿಲ್ಲ. ಸದ್ದೂ ಆಗಲಿಲ್ಲ. ಬೆಳಕಿಗೆ ಹಿಡಿದು ಬಾಯಿಯನ್ನು ನೇರ ನೋಡಿದೆ. ಬೆನ್ನು ಕಂಡಿತು, ಎರಡು ಕೆನ್ನೆ ಕಂಡವು, ಅವು ಕೂಡುವ ಜಾಗದಲ್ಲಿ ಏನೂ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಕ್ಷೌರ ಮಾಡಿಕೊಂಡೆ. ಅಪ್ಪನ ಕತ್ತಿ ಅಪ್ಪನಂಥದೇ ಗಲ್ಲದ ಮೇಲೆ ನೊರೆಯನ್ನಷ್ಟೇ ಒರೆಸಿಕೊಂಡು ಹೋದ ಹಾಗಿತ್ತು. ಕೈಯಾಡಿಸಿ ನೋಡಿದರೆ ಕೆನ್ನೆ ಬಾಳೆ ಎಲೆಯ ಬೆನ್ನು. ನನ್ನಾಕೆಯನ್ನು ಕೂಗಿದೆ. ಅವಳು ಕೈ ಒರೆಸಿಕೊಂಡು ಬಂದು, ಮುಟ್ಟಿ ನೋಡಿ, ಏನೂ ಹೇಳದೆ ಒಂದು ನಿಮಿಷ ನಿಂತಳು. ನಮ್ಮ ಮನೆಯಲ್ಲಿ ಅದು ಪ್ರಶಸ್ತಿ. ಆ ಗೆಲುವಿನಲ್ಲೇ ಅವಳ ಕಡೆ ತಿರುಗಿ ಮಾತಾಡುತ್ತಾ ಕತ್ತಿಯನ್ನು ನೀರಿಗೆ ಹಿಡಿದೆ. ಟಣ್ ಎಂದಿತು. ಬಲು ಸಣ್ಣ ಸದ್ದು, ಲೋಟಕ್ಕೆ ಚಮಚ ತಾಕಿದ ಹಾಗೆ.

ನಲ್ಲಿ ನಿಲ್ಲಿಸಿ, ಕತ್ತಿ ಒರೆಸಿ, ಕಿಟಕಿಯ ಹತ್ತಿರ ಒಯ್ದು ಎತ್ತಿ ಹಿಡಿದೆ. ಬಾಯಿಯ ನಡುಮಧ್ಯದಲ್ಲಿ, ಸಾಸಿವೆಯ ಕಾಲು ಭಾಗದಷ್ಟು, ಒಂದು ಚುಕ್ಕಿ ಬೆಳ್ಳಗೆ ಮಿನುಗುತ್ತಿತ್ತು.

‘ಏನು, ಕಾಣಿಸ್ತಾ?’ ಎಂದಳು.

‘ಕಾಣಿಸ್ತು’ ಎಂದೆ.

ಸಾವಿರದ ಕಲ್ಲನ್ನು ಬಕೆಟ್ಟಿಗೆ ಹಾಕಿದೆ. ಮಂಗಳವಾರಕ್ಕೆ ಇನ್ನೂ ಮೂರು ದಿನ ಇತ್ತು.